ಯಾವ ಶಾಲೆ ಒಳ್ಳೇದು?

ಮೇ ಬಂತೆಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಲ್ಲಿ ಇದೇ ಮಾತು. ಆದರೆ ಕೇಳೋರು ಯಾರು? ಫೀಸು ಕಟ್ಟಬಲ್ಲವರು. ಬೀಡಿ ಕಟ್ಟುವ ತಾಯಿಗೆ, ಬುಟ್ಟಿ ಹೆಣೆಯುವ ಕೊರಗರಿಗೆ ಆಯ್ಕೆ ಎಲ್ಲಿದೆ? 2009ರ ಶಿಕ್ಷಣ ಹಕ್ಕು ಕಾಯಿದೆ ಖಾಸಗಿ ಶಾಲೆಗಳಲ್ಲಿ ಶೇ. 25 ಸೀಟು ನಮ್ಮಂಥವರ ಮಕ್ಕಳಿಗೆ ಎಂದಿತು. 2018ರ ಕೊನೆಗೆ ರಾಜ್ಯ ಸರಕಾರ ನಿಯಮ ತಿದ್ದಿತು: ಹತ್ತಿರದಲ್ಲಿ ಸರಕಾರಿ ಶಾಲೆಯಿದ್ದರೆ ಖಾಸಗಿಯಲ್ಲಿ ಆ ಸೀಟಿಲ್ಲ. ಆಯ್ತು ಸ್ವಾಮಿ, ಆ ಸರಕಾರಿ ಶಾಲೆಯನ್ನಾದರೂ ನೆಟ್ಟಗೆ ಮಾಡಿದಿರಾ? ಬಂಟ್ವಾಳ ತಾಲೂಕಿನ ದಡ್ಡಲಕಾಡಿನಲ್ಲಿ ಮುಚ್ಚಲಿದ್ದ ಶಾಲೆಯನ್ನು ಎತ್ತಿ ನಿಲ್ಲಿಸಿದ್ದು ಊರಿನ ಯುವಕರು. ಅವರಿಗೆ ಶರಣು. ಆದರೆ ಖಜಾನೆ ಇರೋದು ನಿಮ್ಮ ಕೈಲಿ!

1892ರಲ್ಲಿ ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದಾಗ ಜಾತಿಯವರು ಅವರನ್ನೇ ದೂರವಿಟ್ಟರು. ಇವತ್ತು ಉಳ್ಳವರು ಗದ್ದಲವಿಲ್ಲದೆ ತಮ್ಮ ಮಕ್ಕಳನ್ನು ಹಳದಿ ಬಸ್ಸು ಹತ್ತಿಸಿದ್ದಾರೆ, ಅಷ್ಟೆ.

ಹೋಲಿಕೆ ಬೇಕೇ ಮೇಷ್ಟ್ರೇ? ಶಾಸಕರ, ಶಿಕ್ಷಣಾಧಿಕಾರಿಗಳ ಮಕ್ಕಳು ಎಲ್ಲಿ ಓದ್ತಾರೆ, ಮೊದಲು ಆ ಪಟ್ಟಿಯನ್ನು ತಾಲೂಕು ಕಚೇರಿ ಗೋಡೆಗೆ ಅಂಟಿಸಲಿ.