ಭೋಗ್ಯದ ಮನೆ: ಬಾಡಿಗೆ ಉಳಿಯಿತು, ಗಂಟು ಉಳಿದೀತೇ?

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವವರ ಪಾಡು ಕಳೆದ ಕೆಲವು ವರ್ಷಗಳಲ್ಲಿ ತೀರಾ ಬಿಗಡಾಯಿಸಿದೆ. 2020ರಲ್ಲಿ ಕೊರೋನಾದ ಭಯದಿಂದ ಜನ ಊರು ಸೇರಿದಾಗ ಮನೆಗಳು ಖಾಲಿ ಬಿದ್ದಿದ್ದವು. ಇದ್ದ ಬಾಡಿಗೆದಾರ ಹೋಗದಿದ್ದರೆ ಸಾಕೆಂದು ಮಾಲಿಕರು ಬಾಡಿಗೆ ಇಳಿಸಿದ್ದೂ ಉಂಟು. 2022ರಲ್ಲಿ ಕಚೇರಿಗಳು ಮತ್ತೆ ತೆರೆದವು, ಹೋದವರೆಲ್ಲ ಒಮ್ಮೆಗೇ ಮರಳಿದರು. ಬಾಡಿಗೆ ಹಿಂದಿನ ಮಟ್ಟವನ್ನು ದಾಟಿ ಮೇಲೇರಿತು. ಇದು ವೈಟ್‌ಫೀಲ್ಡ್, ಮಾರತ್ತಹಳ್ಳಿಗಳ ಕಂಪ್ಯೂಟರ್ ಉದ್ಯೋಗಿಗಳ ಸಮಸ್ಯೆ ಮಾತ್ರವೆಂದು ಭಾವಿಸಿದರೆ ತಪ್ಪಾಗುತ್ತದೆ. ಒಂದು ಬಡಾವಣೆಯಲ್ಲಿ ಬಾಡಿಗೆ ಕೈಗೆಟುಕದವರು ಅದಕ್ಕಿಂತ ಅಗ್ಗದ ಬಡಾವಣೆಗೆ ಬರುತ್ತಾರೆ, ಅಲ್ಲಿದ್ದವರು ಇನ್ನೂ ಆಚೆಗೆ ಸರಿಯುತ್ತಾರೆ. ಈ ಒತ್ತಡದ ಕೊನೆಯ ಪೆಟ್ಟು ಬೀಳುವುದು ಟ್ಯಾನರಿ ರಸ್ತೆಯ, ಪಾದರಾಯನಪುರದ, ಗುರಪ್ಪನಪಾಳ್ಯದ ಎರಡು ಕೋಣೆಯ ಮನೆಗಳ ಮೇಲೆ.

ನಮ್ಮ ಕುಟುಂಬಗಳಿಗೆ ಈ ಪೆಟ್ಟು ಇಮ್ಮಡಿಯಾಗಿದೆ. ಹೆಸರು ಕೇಳಿದೊಡನೆ 'ಮನೆ ಈಗಷ್ಟೇ ಬೇರೆಯವರಿಗೆ ಆಯಿತು' ಎಂಬ ಉತ್ತರ ಪಡೆಯದ ಮುಸ್ಲಿಮ್ ಬಾಡಿಗೆದಾರರು ವಿರಳ. ಇದು ಕೇವಲ ನಮ್ಮ ಗೊಣಗಾಟವಲ್ಲ. 2006ರ ಸಾಚಾರ್ ಸಮಿತಿಯ ವರದಿಯಲ್ಲಿ ಈ ದೂರು ದಾಖಲಾಗಿದೆ. ದಿಲ್ಲಿ ಮತ್ತು ಅದರ ಸುತ್ತಲಿನ ನಗರಗಳಲ್ಲಿ ಸುಖದೇವ್ ಥೋರಟ್ ಮತ್ತು ಸಂಗಡಿಗರು ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವೂ ದಲಿತರಿಗೆ ಮತ್ತು ಮುಸ್ಲಿಮರಿಗೆ ಮನೆ ನಿರಾಕರಿಸಲಾಗುವುದನ್ನು ತೋರಿಸಿತು. ಹುಡುಕುವ ಕುಟುಂಬಗಳು ಹಲವು, ಬಾಗಿಲು ತೆರೆಯುವ ಮೊಹಲ್ಲಾಗಳು ಕೆಲವು. ಹೀಗಾದಾಗ ಆ ಮೊಹಲ್ಲಾಗಳಲ್ಲಿ ಬಾಡಿಗೆ ಏರದೆ ಇನ್ನೇನಾದೀತು? ಚರಂಡಿ ಸರಿಯಿಲ್ಲದ, ಬೆಳಕು ಬಾರದ ಮನೆಗೂ ನಾವು ಹೆಚ್ಚಿನ ಬೆಲೆ ತೆರುತ್ತೇವೆ.

ಈ ಇಕ್ಕಟ್ಟಿನಿಂದ ಪಾರಾಗಲು ನಮ್ಮವರು ಆಯ್ದುಕೊಳ್ಳುವ ದಾರಿಯೇ ಭೋಗ್ಯ. ಜನ ಇದನ್ನು 'ಲೀಸ್' ಎಂದೂ ಕರೆಯುತ್ತಾರೆ. ಮಾಲಿಕನ ಕೈಗೆ ಒಮ್ಮೆಗೇ ಆರೋ ಎಂಟೋ ಲಕ್ಷ ಕೊಟ್ಟರಾಯಿತು, ಎರಡು ಮೂರು ವರ್ಷ ಬಾಡಿಗೆಯಿಲ್ಲ. ಮನೆ ಬಿಡುವಾಗ ಅಷ್ಟೂ ಹಣ ಹಿಂದಕ್ಕೆ. ಕೇಳಲು ಎಷ್ಟು ಇಂಪಾಗಿದೆ! ಆಟೋ ಓಡಿಸುವವನಿಗೆ, ವೆಲ್ಡಿಂಗ್ ಮಾಡುವವನಿಗೆ, ತಳ್ಳುಗಾಡಿಯಲ್ಲಿ ಹಣ್ಣು ಮಾರುವವನಿಗೆ ಪ್ರತಿ ತಿಂಗಳ ಮೊದಲ ವಾರದಲ್ಲಿ ಹತ್ತು ಸಾವಿರ ಎಣಿಸುವುದು ಸುಲಭವಲ್ಲ. ದುಡಿಮೆ ಒಂದು ತಿಂಗಳು ಇದ್ದರೆ ಇನ್ನೊಂದು ತಿಂಗಳು ಇಲ್ಲ. ಆದ್ದರಿಂದ ಚೀಟಿ ಎತ್ತಿ, ಮಡದಿಯ ಒಡವೆ ಮಾರಿ, ಗಲ್ಫ್‌ನಿಂದ ತಂದ ಉಳಿತಾಯ ಸೇರಿಸಿ ಭೋಗ್ಯಕ್ಕೆ ಕೊಡುತ್ತಾರೆ. ಮಗಳ ಮದುವೆಗೆಂದು ಕೂಡಿಟ್ಟ ಹಣವೂ ಅನೇಕ ಮನೆಗಳಲ್ಲಿ ಭೋಗ್ಯದ ರೂಪದಲ್ಲೇ ಇರುತ್ತದೆ. ಒಂದು ಕುಟುಂಬದ ಇಡೀ ಬಾಳಿನ ಗಂಟು ಇನ್ನೊಬ್ಬರ ಕೈಯಲ್ಲಿರುತ್ತದೆ. ಅದಕ್ಕೆ ಇರುವ ಆಧಾರವೆಂದರೆ ನೋಟರಿಯ ಮುದ್ರೆ ಬಿದ್ದ ಒಂದು ಛಾಪಾ ಕಾಗದ.

ಈಗ ಸ್ವಲ್ಪ ಲೆಕ್ಕ ಹಾಕೋಣ. ತಿಂಗಳಿಗೆ 10,000 ರೂಪಾಯಿ ಬಾಡಿಗೆ ಬರುವ ಮನೆಯನ್ನು ಮಾಲಿಕ 8 ಲಕ್ಷಕ್ಕೆ ಭೋಗ್ಯಕ್ಕೆ ಕೊಡುತ್ತಾನೆಂದು ಇಟ್ಟುಕೊಳ್ಳಿ. ಆತ ವರ್ಷಕ್ಕೆ 1 ಲಕ್ಷ 20 ಸಾವಿರ ರೂಪಾಯಿಯ ಬಾಡಿಗೆಯನ್ನು ಬಿಟ್ಟುಕೊಟ್ಟಂತಾಯಿತು. ಅಂದರೆ 8 ಲಕ್ಷಕ್ಕೆ ನೂರಕ್ಕೆ 15ರ ದರ. ಬ್ಯಾಂಕಿನಲ್ಲಿ ನೂರಕ್ಕೆ 6ರ ದರದಲ್ಲಿ ಠೇವಣಿ ಇಟ್ಟು ಅಷ್ಟೇ ಆದಾಯ ಪಡೆಯಬೇಕಾದರೆ ಆತನಿಗೆ 20 ಲಕ್ಷ ಬೇಕಾಗುತ್ತದೆ. ಬ್ಯಾಂಕಿನ ಗೃಹಸಾಲ ಇದಕ್ಕಿಂತ ಎಷ್ಟೋ ಅಗ್ಗವಾಗಿರುವಾಗ ನೂರಕ್ಕೆ 15ರ ಹೊರೆಯನ್ನು ಹೊರಲು ಸಿದ್ಧನಾಗುವ ಮಾಲಿಕ ಯಾರು? ಬ್ಯಾಂಕು ಸಾಲ ಕೊಡದವನು, ಅಥವಾ ಈಗಾಗಲೇ ಸಾಲದಲ್ಲಿ ಮುಳುಗಿದವನು. ರೆವಿನ್ಯೂ ನಿವೇಶನದಲ್ಲಿ ಮನೆ ಕಟ್ಟಿದ್ದರಿಂದ ಸರಿಯಾದ ದಾಖಲೆಗಳಿಲ್ಲದವನೂ ಆಗಿರಬಹುದು. ಮಾಲಿಕರೆಲ್ಲರೂ ಇಂಥವರೆಂದು ನಾವು ಹೇಳುವುದಿಲ್ಲ. ಆದರೆ ಬಾಡಿಗೆ ಏರಿದಷ್ಟೂ ಅನುಕೂಲಸ್ಥ ಮಾಲಿಕ ಭೋಗ್ಯವನ್ನು ಬಿಟ್ಟು ತಿಂಗಳ ಬಾಡಿಗೆಯತ್ತ ತಿರುಗುತ್ತಾನೆ. ಭೋಗ್ಯದ ಪೇಟೆಯಲ್ಲಿ ಉಳಿಯುವವರಲ್ಲಿ ಹಣದ ತುರ್ತಿಗೆ ಸಿಲುಕಿದವರ ಪಾಲೇ ಹೆಚ್ಚುತ್ತದೆ. ಆದುದರಿಂದ ಭೋಗ್ಯದ ಮೊತ್ತ ಅಗ್ಗವಾಗಿದೆಯೆಂದರೆ ಸಂತೋಷಪಡುವ ಮೊದಲು ಎಚ್ಚರಗೊಳ್ಳಬೇಕು.

ಹಣ ಪಡೆದ ಮಾಲಿಕ ಅದನ್ನು ಪೆಟ್ಟಿಗೆಯಲ್ಲಿಟ್ಟು ಕಾಯುವುದಿಲ್ಲ. ಅದು ಮೇಲಂತಸ್ತಿನ ಗೋಡೆಯಾಗಿರುತ್ತದೆ, ಹಳೆಯ ಸಾಲದ ಕಂತಾಗಿರುತ್ತದೆ. ಅವಧಿ ಮುಗಿದಾಗ ಆತ ಹೇಳುವ ಮಾತು ಎಲ್ಲರಿಗೂ ಪರಿಚಿತ: 'ಇನ್ನೊಬ್ಬರು ಬರಲಿ, ಅವರಿಂದ ಪಡೆದು ಕೊಡುತ್ತೇನೆ.' ಇನ್ನೊಬ್ಬರು ಬಾರದಿದ್ದರೆ? ಮನೆಯ ಮೇಲೆ ಬ್ಯಾಂಕಿನ ಸಾಲವಿದ್ದು ಕಂತು ತಪ್ಪಿದರೆ, 2002ರ ಸರ್ಫೇಸಿ ಕಾನೂನಿನಂತೆ ಬ್ಯಾಂಕು ಮನೆಯನ್ನು ವಶಪಡಿಸಿಕೊಳ್ಳಲು ಬರುತ್ತದೆ. ಆಗ ನೋಟರಿಯ ಕಾಗದ ಹಿಡಿದು ನಿಂತ ಕುಟುಂಬದ ಗತಿಯೇನು? ಇದಕ್ಕೂ ಮಿಗಿಲಾದ ವಂಚನೆ ಬೆಂಗಳೂರಿನಲ್ಲಿ ಇತ್ತೀಚಿನ ವರ್ಷಗಳಲ್ಲಿ ಬೆಳಕಿಗೆ ಬಂದಿದೆ. ಮಧ್ಯವರ್ತಿಗಳು ಮಾಲಿಕರಿಂದ ತಿಂಗಳ ಬಾಡಿಗೆಗೆ ಮನೆ ಪಡೆದು, ಅದನ್ನೇ ಬೇರೆಯವರಿಗೆ ಲಕ್ಷಗಟ್ಟಲೆ ಹಣಕ್ಕೆ ಭೋಗ್ಯಕ್ಕೆ ಕೊಟ್ಟು, ಕೆಲ ಕಾಲ ಬಾಡಿಗೆ ಕಟ್ಟಿ ಕಣ್ಮರೆಯಾದ ದೂರುಗಳು ಪೊಲೀಸರ ಮುಂದೆ ಬಂದಿವೆ. ಮಾಲಿಕ ಬಾಡಿಗೆ ಕೇಳಲು ಬಂದಾಗಲೇ ಒಳಗಿದ್ದವರಿಗೆ ತಾವು ಮೋಸಹೋದದ್ದು ತಿಳಿಯುತ್ತದೆ.

ಕಾನೂನು ಏನು ಹೇಳುತ್ತದೆ? 1882ರ ಸ್ವತ್ತು ವರ್ಗಾವಣೆ ಕಾಯ್ದೆಯು ಭೋಗ್ಯವನ್ನು ಅಡಮಾನದ ಒಂದು ಬಗೆಯೆಂದು ಗುರುತಿಸುತ್ತದೆ. ನೂರು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಇಂತಹ ಅಡಮಾನ ನೋಂದಣಿಯಾದ ಪತ್ರದ ಮೂಲಕವೇ ಆಗಬೇಕು. ನೂರು ರೂಪಾಯಿಗೆ ನೋಂದಣಿ ಬೇಕೆಂದು ಕಾನೂನು ಹೇಳುತ್ತಿರುವಾಗ ನಾವು ಎಂಟು ಲಕ್ಷವನ್ನು ಮುದ್ರಾಂಕ ಶುಲ್ಕ ಉಳಿಸುವ ಆಸೆಯಿಂದ ಬಾಯಿಮಾತಿನ ವಿಶ್ವಾಸಕ್ಕೆ ಒಪ್ಪಿಸುತ್ತಿದ್ದೇವೆ. ನೋಂದಣಿಯಿಲ್ಲದಿದ್ದರೆ ಮನೆಯ ಮೇಲೆ ಹಕ್ಕು ಸಾಧಿಸುವುದು ಕಷ್ಟ. ಹಣ ವಸೂಲಿಯ ದಾವೆ ಹೂಡಿ ವರ್ಷಗಟ್ಟಲೆ ಅಲೆಯುವುದೇ ಉಳಿಯುವ ದಾರಿ.

ಇನ್ನು ಬಾಡಿಗೆದಾರನ ರಕ್ಷಣೆಗೆಂದೇ ಬಂದ ಕರ್ನಾಟಕ ಬಾಡಿಗೆ ಕಾಯ್ದೆ, 1999. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಇತರೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ಅದು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಆ ಬಾಡಿಗೆಗೆ ಇಂದು ಬೆಂಗಳೂರಿನಲ್ಲಿ ಒಂದು ಕೋಣೆಯೂ ದುರ್ಲಭ. 2021ರಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಪಡೆಯಬಾರದೆನ್ನುತ್ತದೆ. ನೆರೆಯ ತಮಿಳುನಾಡು ಅದಕ್ಕೂ ಮೊದಲೇ, 2017ರ ತನ್ನ ಕಾನೂನಿನಲ್ಲಿ ಮೂರು ತಿಂಗಳ ಮಿತಿ ಹಾಕಿಕೊಂಡಿತು. ಮಾದರಿ ಎಷ್ಟೇ ಚೆನ್ನಾಗಿದ್ದರೂ ರಾಜ್ಯ ಅದನ್ನು ತನ್ನ ಕಾನೂನಾಗಿಸದ ಹೊರತು ಬಾಡಿಗೆದಾರನಿಗೆ ಅದರಿಂದ ಪ್ರಯೋಜನವಿಲ್ಲ. ಹತ್ತು ತಿಂಗಳ ಮುಂಗಡದ ರೂಢಿ ಬೆಳೆದ ಈ ನಗರದಲ್ಲಿ ಬಾಡಿಗೆದಾರರ ಪರ ಮಾತೆತ್ತುವ ಶಾಸಕರೆಷ್ಟು ಮಂದಿ? ಮತ ಕೇಳಲು ಬಂದವರನ್ನು ನಾವಾದರೂ ಈ ಪ್ರಶ್ನೆ ಕೇಳಿದ್ದೇವೆಯೇ?

ಆದರೆ ಸರಕಾರದತ್ತ ಬೆರಳು ತೋರಿಸಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಭೋಗ್ಯಕ್ಕೆ ಧಾರ್ಮಿಕ ಮುಖವೂ ಇದೆ. ಹಣ ಹಿಂದಿರುಗಿಸಲೇಬೇಕಾದ್ದರಿಂದ ಅದು ಸಾಲ. ಸಾಲ ಕೊಟ್ಟವನು ಅದೇ ಕಾರಣಕ್ಕೆ ಲಾಭವನ್ನು ಷರತ್ತಾಗಿಸಿಕೊಂಡರೆ ಅದು ರಿಬಾ ಎಂಬುದು ಫಿಕ್‌ಹ್ ವಿದ್ವಾಂಸರು ಸಾಮಾನ್ಯವಾಗಿ ಅಂಗೀಕರಿಸಿದ ನಿಯಮ. ಮೇಲಿನ ನೂರಕ್ಕೆ 15ರ ಲೆಕ್ಕ ಈ ಮಾತಿನ ಅರ್ಥವನ್ನು ತೋರಿಸಿಕೊಡುತ್ತದೆ. ಬಡ್ಡಿ ಹಣದ ರೂಪದಲ್ಲಿಲ್ಲ, ವಾಸದ ರೂಪದಲ್ಲಿದೆ. ನಾಮಮಾತ್ರಕ್ಕೆ ಐನೂರು ರೂಪಾಯಿ ಬಾಡಿಗೆ ಬರೆಸಿಕೊಂಡರೆ ಸರಿಹೋಗುತ್ತದೆಂಬ ಉಪಾಯವನ್ನೂ ಅನೇಕ ಉಲಮಾಗಳು ಒಪ್ಪುವುದಿಲ್ಲ.

ವಿಪರ್ಯಾಸವೇನೆಂದರೆ, ಈ ನಿಯಮದಂತೆ ಲಾಭ ಉಣ್ಣುವವನ ಸ್ಥಾನದಲ್ಲಿರುವುದು ಬಡ ಬಾಡಿಗೆದಾರ. ಗಂಟು ಕಳೆದುಕೊಳ್ಳುವ ಭಯದಲ್ಲಿರುವವನೂ ಅವನೇ. ಮಿಂಬರ್ ಮೇಲಿನಿಂದ ಅವನೊಬ್ಬನನ್ನೇ ಗದರಿಸಿ ಸುಮ್ಮನಾದರೆ ನಮ್ಮ ಹೊಣೆ ತೀರುವುದೇ? ನ್ಯಾಯವಾದ ತಿಂಗಳ ಬಾಡಿಗೆಗೆ ಮನೆ ಸಿಗುವ ವ್ಯವಸ್ಥೆ ಮಾಡದೆ ಭೋಗ್ಯ ಬೇಡವೆನ್ನುವುದು ಹಸಿದವನಿಗೆ ಉಪದೇಶ ಮಾಡಿದಂತೆ. ಅನ್ಯರು ನಮಗೆ ಮನೆ ಕೊಡುವುದಿಲ್ಲವೆಂದು ನೊಂದುಕೊಳ್ಳುವ ನಾವು, ನಮ್ಮ ಮೊಹಲ್ಲಾಗಳ ಮನೆಗಳ ಒಡೆಯರಲ್ಲಿ ಬಹುಪಾಲು ನಮ್ಮವರೇ ಎಂಬುದನ್ನು ಮರೆಯುತ್ತೇವೆ. ಇಕ್ಕಟ್ಟನ್ನು ಬಲ್ಲವರೇ ಇಕ್ಕಟ್ಟಿನ ಲಾಭ ಪಡೆದರೆ ಅದನ್ನು ಏನೆಂದು ಕರೆಯೋಣ?

ಮಸೀದಿಯ ಆಡಳಿತ ಸಮಿತಿಗಳು ಮನಸ್ಸು ಮಾಡಿದರೆ ಇಲ್ಲಿ ಬಹಳಷ್ಟನ್ನು ಸಾಧಿಸಬಹುದು. ತಮ್ಮ ಅಧೀನದ ಮನೆಗಳಿಗೆ ಎರಡು ತಿಂಗಳ ಮುಂಗಡದ ನಿಯಮವನ್ನು ಮೊದಲು ತಾವೇ ಪಾಲಿಸಲಿ. ಜಮಾಅತಿನ ಮಾಲಿಕರನ್ನೂ ಅದಕ್ಕೆ ಒಪ್ಪಿಸಲಿ. ಮುಂಗಡಕ್ಕೆ ಹಣ ಸಾಲದವರಿಗೆ ಬಡ್ಡಿರಹಿತ ಸಾಲ ಸಿಗುವಂತಾದರೆ ಭೋಗ್ಯದತ್ತ ಓಡುವವರ ಸಂಖ್ಯೆ ತಾನಾಗಿ ಇಳಿಯುತ್ತದೆ.

ಈಗಾಗಲೇ ಭೋಗ್ಯದಲ್ಲಿರುವವರೂ ಮುಂಗಡ ಕೊಡಲು ಹೊರಟವರೂ ಕೆಲವು ಎಚ್ಚರಿಕೆಗಳನ್ನು ವಹಿಸಲೇಬೇಕು. ಉಪನೋಂದಣಾಧಿಕಾರಿ ಕಚೇರಿಯಿಂದ ಅಥವಾ ಕಾವೇರಿ ಜಾಲತಾಣದಿಂದ ಮನೆಯ ಋಣಭಾರ ಪತ್ರ ಪಡೆಯಿರಿ. ಮೂಲ ಕ್ರಯಪತ್ರವನ್ನು ಕಣ್ಣಾರೆ ನೋಡಿ. ಅದು ಸಾಲಕ್ಕಾಗಿ ಬ್ಯಾಂಕಿನಲ್ಲಿದ್ದರೆ ಋಣಭಾರ ಪತ್ರದಲ್ಲಿ ಕಾಣದಿರಲೂಬಹುದು. ಮಾತುಕತೆ ಮಾಲಿಕನೊಡನೆ ನೇರವಾಗಿರಲಿ, ದಲ್ಲಾಳಿಯ ಮಾತೇ ಕೊನೆಯಾಗದಿರಲಿ. ಹಣ ಮಾಲಿಕನ ಬ್ಯಾಂಕ್ ಖಾತೆಗೇ ಹೋಗಲಿ. 20,000 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಸಾಲ ಮತ್ತು ಠೇವಣಿಯನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನೂ ನಿಷೇಧಿಸುತ್ತದೆ. ಪತ್ರವನ್ನು ನೋಂದಾಯಿಸಿ. ನೋಂದಾಯಿಸಲು ಒಪ್ಪದ ಮಾಲಿಕ ಎಷ್ಟೇ ಸಜ್ಜನನಾಗಿ ಕಂಡರೂ ಆ ಮನೆ ಬೇಡ.

'ನಮ್ಮವರೇ ಅಲ್ಲವೇ, ಬರೆಸಿಕೊಂಡರೆ ಏನೆಂದುಕೊಂಡಾರು' ಎಂಬ ಸಂಕೋಚ ನಮ್ಮಲ್ಲಿ ಬಲವಾಗಿದೆ. ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ ಯಾವುದೆಂದು ನಮ್ಮ ಮಕ್ಕಳು ಮದ್ರಸಾದಲ್ಲಿ ಕಲಿಯುತ್ತಾರೆ. ಅದು ಅಲ್ ಬಕರಃ ಅಧ್ಯಾಯದ 282ನೆಯ ಸೂಕ್ತ. ಅದರ ವಿಷಯ ನಮಾಝ್ ಅಲ್ಲ, ಉಪವಾಸವಲ್ಲ. ಸಾಲದ ವ್ಯವಹಾರವನ್ನು ಬರೆದಿಡಬೇಕು, ಸಾಕ್ಷಿಗಳನ್ನಿಟ್ಟುಕೊಳ್ಳಬೇಕು, ಮೊತ್ತ ಚಿಕ್ಕದಿರಲಿ ದೊಡ್ಡದಿರಲಿ ಬರೆಯಲು ಬೇಸರಿಸಬಾರದು ಎಂಬುದು. ಅದರ ಮುಂದಿನ ಸೂಕ್ತದಲ್ಲಿಯೇ ಒತ್ತೆಯ ಪ್ರಸ್ತಾಪವಿದೆ. ಬರೆಸಿಕೊಳ್ಳುವುದು ಅಪನಂಬಿಕೆಯ ಲಕ್ಷಣವೆಂದು ಭಾವಿಸುವವರು ಈ ಎರಡು ಸೂಕ್ತಗಳನ್ನು ಮನೆಯಲ್ಲಿ ಕುಳಿತು ಮತ್ತೊಮ್ಮೆ ಓದಲಿ. ನಾಳೆ ಮನೆ ನೋಡಲು ಹೋಗುವಾಗ ಅವು ನೆನಪಿನಲ್ಲಿರಲಿ.