ಫೋನ್ ಬಾಕ್ಸ್ ಮೇಲೆ ಇನ್ನೊಂದು ತಾರೀಕು ಬೇಕು

ಹೊಸ ಫೋನಿನ ಬಾಕ್ಸ್ ಕೈಗೆ ಸಿಕ್ಕರೆ ಒಮ್ಮೆ ತಿರುಗಿಸಿ ಹಿಂಬದಿ ಓದಿ. ಎಂ.ಆರ್.ಪಿ. ಇರುತ್ತದೆ. ತಯಾರಾದ ತಿಂಗಳು, ವರ್ಷ ಇರುತ್ತದೆ. ಕಂಪನಿಯ ವಿಳಾಸ, ದೂರು ಹೇಳಲು ನಂಬರ್ ಇರುತ್ತದೆ. ಇದನ್ನೆಲ್ಲ ಕಂಪನಿಯವರು ನಮ್ಮ ಮೇಲಿನ ಪ್ರೀತಿಯಿಂದ ಹಾಕಿದ್ದಲ್ಲ. ಪ್ಯಾಕ್ ಮಾಡಿ ಮಾರುವ ವಸ್ತುಗಳಿಗೆ 2011ರ ಲೀಗಲ್ ಮೆಟ್ರಾಲಜಿ ನಿಯಮಗಳಿವೆ, ಅವು ಹಾಕಲೇಬೇಕು ಎನ್ನುತ್ತವೆ. ಆದರೆ ಗ್ರಾಹಕನಿಗೆ ತೀರಾ ಬೇಕಾದ ಒಂದು ತಾರೀಕು ಅಲ್ಲಿಲ್ಲ. ಈ ಫೋನಿಗೆ ಸಾಫ್ಟ್‌ವೇರ್ ಅಪ್‌ಡೇಟ್ ಯಾವ ತಿಂಗಳವರೆಗೆ ಬರುತ್ತದೆ? ಐದು ರೂಪಾಯಿಯ ಬಿಸ್ಕತ್ ಪ್ಯಾಕೆಟ್‌ಗೆ ಕೊನೆಯ ದಿನಾಂಕ ಇದೆ. ಹದಿನೈದು ಸಾವಿರದ ಫೋನಿಗೆ ಇಲ್ಲ.

ನಮ್ಮ ಕ್ಲಾಸಿನಲ್ಲಿ ಫೋನಿನ ಮಾತು ಬಂದರೆ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ರ‍್ಯಾಮ್ ಎಷ್ಟು, ಗೇಮ್ ಆಡಿದರೆ ಬಿಸಿಯಾಗುತ್ತದಾ ಎಂದು ಒಂದು ಗಂಟೆ ಜಗಳವಾಗುತ್ತದೆ. ಅಪ್‌ಡೇಟ್ ಎಷ್ಟು ವರ್ಷ ಎಂದು ಕೇಳಿದರೆ, "ಅದನ್ನ ಯಾರು ನೋಡ್ತಾರೆ, ಸುಮ್ನೆ ಡೇಟಾ ಖರ್ಚು" ಎನ್ನುತ್ತಾರೆ. ಅಪ್‌ಡೇಟ್ ಎಂದರೆ ಹೊಸ ಐಕಾನ್, ಹೊಸ ವಾಲ್‌ಪೇಪರ್ ಎಂದು ಬಹಳ ಜನ ತಿಳಿದಿದ್ದಾರೆ. ಅದರಲ್ಲಿ ಮುಖ್ಯವಾದದ್ದು ಕಣ್ಣಿಗೆ ಕಾಣುವುದೇ ಇಲ್ಲ.

2015ರ ಜುಲೈನಲ್ಲಿ ಆಂಡ್ರಾಯ್ಡ್‌ನಲ್ಲಿ ಸ್ಟೇಜ್‌ಫ್ರೈಟ್ ಎಂಬ ದೋಷ ಬಯಲಿಗೆ ಬಂತು. ವಿಡಿಯೊ ಓದುವ ಭಾಗದಲ್ಲಿದ್ದ ತೂತು ಅದು. ಬೇಕೆಂದೇ ಹಾಗೆ ತಯಾರಿಸಿದ ಒಂದು ಎಂ.ಎಂ.ಎಸ್. ಬಂದರೆ ಸಾಕು, ಅದನ್ನು ನಾವು ತೆರೆಯದಿದ್ದರೂ ಫೋನಿನೊಳಗೆ ನುಗ್ಗಲು ದಾರಿಯಿತ್ತು. ಮುಂದಿನ ತಿಂಗಳಿಂದಲೇ ಗೂಗಲ್ ಪ್ರತಿ ತಿಂಗಳೂ ಸೆಕ್ಯುರಿಟಿ ಪ್ಯಾಚ್ ಕೊಡಲು ಶುರು ಮಾಡಿತು. ಪ್ಯಾಚ್ ಎಂದರೆ ತೇಪೆ. ತೂತು ಗೊತ್ತಾದ ಹಾಗೆ ತೇಪೆ ಬರುತ್ತಿರಬೇಕು. ತೇಪೆ ನಿಂತ ಫೋನಿನಲ್ಲಿ ಆಮೇಲೆ ಪತ್ತೆಯಾಗುವ ತೂತುಗಳೆಲ್ಲ ಹಾಗೇ ಉಳಿಯುತ್ತವೆ.

ಯಾಕೆ ನಿಲ್ಲಿಸುತ್ತಾರೆ? ಗೂಗಲ್ ಕೊಟ್ಟ ಪ್ಯಾಚ್ ನೇರವಾಗಿ ನಮ್ಮ ಫೋನಿಗೆ ಬರುವುದಿಲ್ಲ. ಕ್ವಾಲ್ಕಾಮ್, ಮೀಡಿಯಾಟೆಕ್‌ನಂಥ ಚಿಪ್ ಕಂಪನಿಗಳು ತಮ್ಮ ಪಾಲಿನ ಕೆಲಸ ಮಾಡಬೇಕು. ಆಮೇಲೆ ಫೋನ್ ಕಂಪನಿ ಅದನ್ನು ಒಂದೊಂದು ಮಾಡೆಲ್‌ಗೂ ಹೊಂದಿಸಿ, ಪರೀಕ್ಷೆ ಮಾಡಿ ಕಳಿಸಬೇಕು. ಮಾರಿ ಮುಗಿದ ಮಾಡೆಲ್‌ಗೆ ಇಂಜಿನಿಯರುಗಳ ಸಂಬಳ ಯಾಕೆ ಎಂಬುದು ಕಂಪನಿಯ ಲೆಕ್ಕ. ಕಾಮರ್ಸ್ ಓದುವ ನನಗೆ ಈ ಲೆಕ್ಕ ಅರ್ಥವಾಗುತ್ತದೆ. ಎಲ್ಲ ಫೋನಿಗೂ ಹತ್ತು ವರ್ಷ ಕೊಡಿ ಎಂದು ನಾನು ಕೇಳುತ್ತಿಲ್ಲ. ಎರಡೇ ವರ್ಷ ಕೊಡುವುದಾದರೆ ಎರಡೇ ಕೊಡಲಿ, ಅದನ್ನು ಬಾಕ್ಸ್ ಮೇಲೆ ಬರೆಯಲಿ.

ಬರೆಯದೇ ಇದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಮನೆಯ ಉದಾಹರಣೆಯೇ ಇದೆ. ಮಕ್ಕಳಿಗೆ ಟ್ಯೂಷನ್ ಹೇಳಿ ಕೂಡಿಟ್ಟ ಹಣದಲ್ಲಿ ಆಪಾ ಈದ್ ಆಫರ್‌ನಲ್ಲಿ 10,500 ರೂಪಾಯಿಗೆ ಒಂದು ಫೋನ್ ತಗೊಂಡಳು. ಬಾಕ್ಸ್ ಮೇಲೆ ತಯಾರಾದ ತಿಂಗಳು ನೋಡಿದಳು, ಎರಡೇ ತಿಂಗಳ ಹಿಂದಿನದು. ತಾಜಾ ಮಾಲು ಎಂದು ಖುಷಿಪಟ್ಟಳು. ಆದರೆ ಆ ಮಾಡೆಲ್ ಮಾರುಕಟ್ಟೆಗೆ ಬಂದು ಎರಡು ವರ್ಷ ದಾಟಿತ್ತು. ಕಂಪನಿ ಹೇಳಿದ್ದ ಮೂರು ವರ್ಷದ ಪ್ಯಾಚ್ ಲೆಕ್ಕ ಹಾಕುವುದು ಮಾಡೆಲ್ ಬಿಡುಗಡೆಯಾದ ದಿನದಿಂದ, ಆಪಾ ಬಿಲ್ ಮಾಡಿಸಿದ ದಿನದಿಂದ ಅಲ್ಲ. ಹತ್ತನೇ ತಿಂಗಳಿಗೆ ಕೊನೆಯ ಪ್ಯಾಚ್ ಬಂತು. ವಾರಂಟಿ ಇನ್ನೂ ಮುಗಿದಿರಲಿಲ್ಲ!

ಇದರಲ್ಲಿ ಯಾರೂ ಸುಳ್ಳು ಹೇಳಿಲ್ಲ ನೋಡಿ. ತಯಾರಾದ ತಿಂಗಳು ನಿಜ, ಮೂರು ವರ್ಷ ಎಂಬ ಮಾತೂ ನಿಜ. ಗ್ರಾಹಕನಿಗೆ ಮಾತ್ರ ಎರಡನ್ನೂ ಕೂಡಿಸಿ ಹೇಳುವವರಿಲ್ಲ. ದೊಡ್ಡ ಊರಿನಲ್ಲಿ ಫೋನ್ ಬಿಡುಗಡೆಯಾದ ವಾರವೇ ಕೊಳ್ಳುವವನಿಗೆ ಪೂರ್ತಿ ಅವಧಿ ಸಿಗುತ್ತದೆ. ಹಬ್ಬದ ಆಫರ್‌ಗೆ ಕಾಯುವ, ಸೆಕೆಂಡ್ ಹ್ಯಾಂಡ್ ಹುಡುಕುವ ನಮ್ಮಂಥ ಮನೆಗಳಿಗೆ ಸಿಗುವುದು ಅದರ ಬಾಲ. ಆಫರ್‌ನಲ್ಲಿ ಕಡಿಮೆಯಾಗುವುದು ಬೆಲೆ ಮಾತ್ರವಲ್ಲ, ವರ್ಷವೂ ಕಡಿಮೆಯಾಗಿರುತ್ತದೆ.

ಅಕೌಂಟೆನ್ಸಿಯಲ್ಲಿ ಸವಕಳಿ ಪಾಠ ಎಲ್ಲರೂ ಮಾಡಿದ್ದೀರಿ. ಸ್ಟ್ರೈಟ್ ಲೈನ್ ವಿಧಾನದಲ್ಲಿ ಬೆಲೆಯಿಂದ ಗುಜರಿ ಬೆಲೆ ಕಳೆದು, ಬಾಳಿಕೆಯ ವರ್ಷಗಳಿಂದ ಭಾಗಿಸಬೇಕು. ಗುಜರಿ ಬೆಲೆ ಸೊನ್ನೆ ಎಂದಿಟ್ಟುಕೊಳ್ಳಿ. 10,500ರ ಫೋನಿಗೆ ಒಂದು ವರ್ಷದ ಅಪ್‌ಡೇಟ್ ಉಳಿದಿದ್ದರೆ ವರ್ಷಕ್ಕೆ 10,500. ಹದಿನೆಂಟು ಸಾವಿರದ ಫೋನಿಗೆ ಆರು ವರ್ಷ ಉಳಿದಿದ್ದರೆ ವರ್ಷಕ್ಕೆ 3,000. ಯಾವುದು ಅಗ್ಗ? ಆರು ವರ್ಷ ಎಂಬುದು ಕನಸಲ್ಲ. ಸ್ಯಾಮ್‌ಸಂಗ್ 2024ರಲ್ಲಿ ತಂದ ಗ್ಯಾಲಕ್ಸಿ ಎ16 5ಜಿಗೆ ಆರು ವರ್ಷ ಕೊಡುವುದಾಗಿ ಹೇಳಿದೆ, ಅದು ದುಬಾರಿ ಫೋನೇನಲ್ಲ. ಪಿಕ್ಸೆಲ್ 8, ಗ್ಯಾಲಕ್ಸಿ ಎಸ್24ನಂಥ ಮೇಲಿನ ದರ್ಜೆಯವಕ್ಕೆ ಏಳು ವರ್ಷ. ಕೈಯಲ್ಲಿ ಹತ್ತೇ ಸಾವಿರ ಇರುವವರಿಗೆ ಈ ಲೆಕ್ಕ ಹೇಳಿದರೆ ಅಣಕಿಸಿದ ಹಾಗಾಗುತ್ತದೆ, ಗೊತ್ತಿದೆ. ಆದರೆ ಅದೇ ಹತ್ತು ಸಾವಿರಕ್ಕೆ ಅಂಗಡಿಯಲ್ಲಿ ನಾಲ್ಕು ಫೋನ್ ಇಡುತ್ತಾರಲ್ಲ, ಆ ನಾಲ್ಕರಲ್ಲಿ ಯಾವುದಕ್ಕೆ ಹೆಚ್ಚು ವರ್ಷ ಉಳಿದಿದೆ ಎಂದು ತಿಳಿಯುವ ಹಕ್ಕಾದರೂ ಬೇಡವೇ?

"ಎರಡು ವರ್ಷಕ್ಕೆ ಎಲ್ಲರೂ ಫೋನ್ ಬದಲಿಸುತ್ತಾರೆ, ಆಮೇಲೆ ಅಪ್‌ಡೇಟ್ ಯಾಕೆ" ಎಂದು ನಮ್ಮ ಲೆಕ್ಚರರ್ ಒಬ್ಬರು ಕೇಳಿದರು. ಬದಲಿಸುತ್ತಾರೆ ಸರ್, ಆದರೆ ಹಳೆಯದು ಕಸಕ್ಕೆ ಹೋಗುವುದಿಲ್ಲ. ನಮ್ಮ ಮನೆಯಲ್ಲಿ ಹೊಸ ಫೋನ್ ಅಬ್ಬಾ ಅಥವಾ ಅಣ್ಣನಿಗೆ, ಅವರದ್ದು ನನಗೆ, ನನ್ನದು ಅಮ್ಮಿಗೆ, ಅಮ್ಮಿಯದು ನಾನಿಗೆ. ಫೋನಿನ ಬಗ್ಗೆ ಅತಿ ಕಡಿಮೆ ಗೊತ್ತಿರುವವರ ಕೈಗೆ ಅತಿ ಹಳೆಯ ಫೋನ್ ಸೇರುತ್ತದೆ. ಆ ಫೋನಿನಲ್ಲಿ ಇರುವುದೇನು? ಗೃಹಲಕ್ಷ್ಮಿಯ ಎರಡು ಸಾವಿರ ಜಮೆಯಾದ ಮೆಸೇಜ್, ಪೆನ್ಷನ್ ಬರುವ ಖಾತೆಯ ಒ.ಟಿ.ಪಿ., ಆಧಾರ್ ಕಾರ್ಡಿನ ಫೋಟೊ. ನಮ್ಮ ಸ್ಕಾಲರ್‌ಶಿಪ್ ಅರ್ಜಿಗೆ ಕೊಟ್ಟ ನಂಬರ್ ಕೂಡ ಎಷ್ಟೋ ಸಲ ಅಮ್ಮಿಯದೇ.

ಹಾಗೆಂದು ಹೆದರಿಸುವುದು ನನ್ನ ಉದ್ದೇಶವಲ್ಲ. ಪ್ಯಾಚ್ ನಿಂತ ಮರುದಿನವೇ ಫೋನ್ ಕೆಡುವುದಿಲ್ಲ. ಆ್ಯಪ್‌ಗಳ ಅಪ್‌ಡೇಟ್ ಇನ್ನೂ ಕೆಲವು ವರ್ಷ ಬರುತ್ತಿರುತ್ತದೆ. ವಾಟ್ಸಾಪ್ ಆಂಡ್ರಾಯ್ಡ್ 4.4ನ್ನು ಕೈಬಿಟ್ಟದ್ದು 2025ರ ಜನವರಿಯಲ್ಲಿ, ಅದು ಬಂದದ್ದು 2013ರಲ್ಲಿ. ಇನ್ನು ನಮ್ಮ ಸುತ್ತ ಹಣ ಕಳೆದುಕೊಂಡವರ ಕಥೆ ಕೇಳಿದರೆ ಹೆಚ್ಚಿನವು ಫೋನಿನಲ್ಲಿ ಒ.ಟಿ.ಪಿ. ಹೇಳಿದ್ದು, ಮದುವೆ ಕಾರ್ಡ್ ಎಂದು ವಾಟ್ಸಾಪ್‌ಗೆ ಬಂದ ಎ.ಪಿ.ಕೆ. ಫೈಲ್ ಒತ್ತಿದ್ದು. ಅದಕ್ಕೆ ಯಾವ ಪ್ಯಾಚ್ ಕೂಡ ಪೂರ್ತಿ ಮದ್ದಲ್ಲ. ಆದರೂ ಬಾಗಿಲಿಗೆ ಬೀಗ ಬೇಕೋ ಬೇಡವೋ ಎಂದು ಕೇಳಿದರೆ, ಮನೆಯವರೇ ಬಾಗಿಲು ತೆರೆಯುತ್ತಾರೆ, ಆದ್ದರಿಂದ ಬೀಗ ಬೇಡ ಎನ್ನಲಾಗುವುದಿಲ್ಲ.

ಬರೆಯುವುದು ಕಷ್ಟದ ಕೆಲಸವೇ? ವಿಂಡೋಸ್ 10 ನಿಲ್ಲುವ ದಿನ 2025ರ ಅಕ್ಟೋಬರ್ 14 ಎಂದು ಮೈಕ್ರೋಸಾಫ್ಟ್ ವರ್ಷಗಳ ಮುಂಚೆಯೇ ಪ್ರಕಟಿಸಿತ್ತು. ಆ ನಿರ್ಧಾರಕ್ಕೆ ಬಯ್ಯಬಹುದು, ಹೇಳಲಿಲ್ಲ ಎನ್ನುವ ಹಾಗಿಲ್ಲ. ಬ್ರಿಟನ್‌ನಲ್ಲಿ 2024ರ ಏಪ್ರಿಲ್ 29ರಿಂದ ಕಾನೂನೇ ಇದೆ. ಇಂಟರ್‌ನೆಟ್‌ಗೆ ಜೋಡಿಸುವ ವಸ್ತು ಮಾರುವವರು ಕನಿಷ್ಠ ಎಲ್ಲಿಯವರೆಗೆ ಸೆಕ್ಯುರಿಟಿ ಅಪ್‌ಡೇಟ್ ಕೊಡುತ್ತೇವೆ ಎಂದು ಪ್ರಕಟಿಸಬೇಕು. ಯುರೋಪಿಯನ್ ಒಕ್ಕೂಟ ಇನ್ನೂ ಮುಂದೆ ಹೋಗಿದೆ. 2025ರ ಜೂನ್ 20ರ ಹೊಸ ನಿಯಮದ ಪ್ರಕಾರ ಒಂದು ಮಾಡೆಲ್‌ನ ಮಾರಾಟ ನಿಂತ ಮೇಲೂ ಐದು ವರ್ಷ ಅಪ್‌ಡೇಟ್, ಏಳು ವರ್ಷ ಬಿಡಿಭಾಗ ಸಿಗಬೇಕು. ಗಮನಿಸಿ, ಲೆಕ್ಕ ಶುರುವಾಗುವುದು ಮಾರಾಟ ನಿಂತ ದಿನದಿಂದ. ಆಪಾ ಅಂಥ ಕಡೆ ಅದೇ ಫೋನ್ ಕೊಂಡಿದ್ದರೆ ಅವಳಿಗೂ ಐದು ವರ್ಷ ಸಿಗುತ್ತಿತ್ತು.

ನಮ್ಮ ಸರ್ಕಾರಕ್ಕೆ ಇದು ಹೊಸ ವಿಷಯವೇನಲ್ಲ. ಫ್ರಿಜ್ ಕೊಳ್ಳುವಾಗ ಅಮ್ಮಿ ಬಾಗಿಲ ಮೇಲಿನ ಸ್ಟಾರ್ ಎಣಿಸುತ್ತಾರೆ. 2006ರಲ್ಲಿ ಶುರುವಾದ ಆ ಲೇಬಲ್ ಓದಲು ಅವರಿಗೆ ಯಾರೂ ಪಾಠ ಮಾಡಿಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಮೊಬೈಲ್ ಮುಂತಾದವು ಎಷ್ಟು ಸುಲಭವಾಗಿ ರಿಪೇರಿಯಾಗುತ್ತವೆ ಎಂದು ಅಂಕ ಕೊಡುವ ಸೂಚ್ಯಂಕಕ್ಕಾಗಿ ಸಮಿತಿ ಮಾಡಿತು, 2025ರಲ್ಲಿ ವರದಿಯೂ ಬಂತು. ಆ ಅಂಕದ ಪಕ್ಕದಲ್ಲಿ "ಅಪ್‌ಡೇಟ್ ಇಲ್ಲಿಯವರೆಗೆ: ತಿಂಗಳು, ವರ್ಷ" ಎಂದು ಒಂದು ಸಾಲು ಸೇರಿಸಿದರೆ ಶಾಯಿ ಎಷ್ಟು ಖರ್ಚಾದೀತು?

ಅಲ್ಲಿಯವರೆಗೆ ನಾವೇ ನೋಡಿಕೊಳ್ಳಬೇಕು. ಸೆಟ್ಟಿಂಗ್ಸ್‌ಗೆ ಹೋಗಿ, ಅಬೌಟ್ ಫೋನ್ ಒತ್ತಿ, ಸೆಕ್ಯುರಿಟಿ ಅಪ್‌ಡೇಟ್ ಅಥವಾ ಸೆಕ್ಯುರಿಟಿ ಪ್ಯಾಚ್ ಎಂಬಲ್ಲಿ ಒಂದು ದಿನಾಂಕ ಇರುತ್ತದೆ. ಕೆಲವು ಫೋನ್‌ಗಳಲ್ಲಿ ಆಂಡ್ರಾಯ್ಡ್ ವರ್ಷನ್ ಒತ್ತಿದ ಮೇಲೆ ಕಾಣುತ್ತದೆ. ನನ್ನ ಗೆಳೆಯನ ಫೋನಿನಲ್ಲಿ ಅದು 2022ರ ಮಾರ್ಚ್‌ಗೇ ನಿಂತಿದೆ. ಹೊಸದು ಕೊಳ್ಳುವವರು ಮಾಡೆಲ್ ಹೆಸರಿನ ಜೊತೆ ಬಿಡುಗಡೆಯಾದ ತಿಂಗಳು ಹುಡುಕಿ, ಕಂಪನಿ ಹೇಳಿದ ವರ್ಷ ಕೂಡಿಸಿ, ಆಮೇಲೆ ಬೆಲೆ ಮಾತಾಡಿ. ನಿಮ್ಮ ಮನೆಯ ಫೋನ್‌ಗಳ ಮಾಡೆಲ್ ಮತ್ತು ಕೊನೆಯ ಪ್ಯಾಚ್ ತಿಂಗಳು ಚೀಟಿಯಲ್ಲಿ ಬರೆದು ನನಗೆ ಕೊಟ್ಟರೆ ಮುಂದಿನ ಸಂಚಿಕೆಗೆ ಒಂದು ಪಟ್ಟಿ ಮಾಡುತ್ತೇನೆ. ನಾನಿ, ದಾದಿಯರ ಫೋನ್ ಮೊದಲು ನೋಡಿ. ನಿಮ್ಮದನ್ನು ತೋರಿಸಬೇಕಿದ್ದರೆ ಗೇಟಿನ ಹೊರಗೆ, ಒಳಗೆ ತಂದು ಪ್ರಿನ್ಸಿಪಾಲ್ ಮೇಡಂ ಕೈಗೆ ಸಿಕ್ಕರೆ ನಾನು ಹೊಣೆಯಲ್ಲ.