ಹೈಟಿ: ಗೆದ್ದವರೇ ತೆತ್ತ ದಂಡ

1825ರ ಜುಲೈನಲ್ಲಿ ಹೈಟಿಯ ರಾಜಧಾನಿ ಪೋರ್ಟೊ ಪ್ರಿನ್ಸ್‌ನ ಬಂದರಿನೆದುರು ಫ್ರಾನ್ಸಿನ ಯುದ್ಧನೌಕೆಗಳು ಲಂಗರು ಹಾಕಿದವು. ಅವು ದೊರೆ ಹತ್ತನೆಯ ಚಾರ್ಲ್ಸನ ಆಜ್ಞಾಪತ್ರವನ್ನು ತಂದಿದ್ದವು. ಹೈಟಿ ಸ್ವತಂತ್ರವಾಗಿ ಆಗಲೇ ಇಪ್ಪತ್ತೊಂದು ವರ್ಷವಾಗಿತ್ತು. ಆ ಸ್ವಾತಂತ್ರ್ಯವನ್ನು ಫ್ರಾನ್ಸ್ ಮಾನ್ಯ ಮಾಡಬೇಕಾದರೆ 15 ಕೋಟಿ ಫ್ರಾಂಕ್ ಕೊಡಬೇಕು, ಫ್ರೆಂಚ್ ಸರಕಿಗೆ ಅರ್ಧ ಸುಂಕವನ್ನಷ್ಟೇ ಹಾಕಬೇಕು ಎಂದು ಅದರಲ್ಲಿತ್ತು. ಆ ಹಣ ತೋಟಗಳನ್ನೂ ಗುಲಾಮರನ್ನೂ ಕಳೆದುಕೊಂಡ ಮಾಲೀಕರಿಗೆ ಹೋಗುವಂಥದ್ದು. ಹೈಟಿಯ ಅಧ್ಯಕ್ಷ ಬುವಾಯೆ ಒಪ್ಪಿಕೊಂಡ.

ಕ್ರಾಂತಿಗಳ ಪರಿಣಾಮವನ್ನು ಚರ್ಚಿಸುವವರು ಸಾಮಾನ್ಯವಾಗಿ ಪ್ಯಾರಿಸ್ಸನ್ನೋ ಪೆಟ್ರೊಗ್ರಾಡನ್ನೋ ಮುಂದಿಡುತ್ತಾರೆ. ನಂತರ ಬಂದ ರಕ್ತಪಾತ, ಸರ್ವಾಧಿಕಾರ, ಬಡತನಗಳೆಲ್ಲ ಬಂಡೆದ್ದವರ ಒಳಗಿನ ದೋಷದಿಂದಲೇ ಹುಟ್ಟಿದವು ಎಂದು ವಾದಿಸುತ್ತಾರೆ. ಹೈಟಿಯ ಇತಿಹಾಸವನ್ನು ಎದುರಿಗಿಟ್ಟುಕೊಂಡರೆ ಈ ವಾದ ನಿಲ್ಲುವುದಿಲ್ಲ. ಅಲ್ಲಿನ ಕ್ರಾಂತಿಯ ಫಲ ಏನಾಗಬೇಕೆಂಬುದನ್ನು ಬಹುಮಟ್ಟಿಗೆ ತೀರ್ಮಾನಿಸಿದವರು ಸೋತವರು.

ಟಿಪ್ಪು ಸುಲ್ತಾನನ ರಾಯಭಾರಿಗಳು 1788ರಲ್ಲಿ ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿಯನ್ನು ಕಂಡಾಗ ಫ್ರಾನ್ಸಿನ ವಸಾಹತುಗಳಲ್ಲೆಲ್ಲ ಅತಿ ಸಂಪದ್ಭರಿತವಾದದ್ದು ಕೆರಿಬಿಯನ್ ಸಮುದ್ರದ ಸೇಂಟ್ ಡೊಮಿಂಗ್, ಅಂದರೆ ಇಂದಿನ ಹೈಟಿ. ಯೂರೋಪ್ ಕುಡಿಯುತ್ತಿದ್ದ ಕಾಫಿಯಲ್ಲಿ ಅರ್ಧಕ್ಕೂ ಹೆಚ್ಚು, ಸಕ್ಕರೆಯಲ್ಲಿ ಸುಮಾರು ಐದರಲ್ಲೆರಡು ಪಾಲು ಅಲ್ಲಿಂದ ಬರುತ್ತಿತ್ತು. ಇದನ್ನು ಬೆಳೆಯುತ್ತಿದ್ದವರು ಸುಮಾರು 5 ಲಕ್ಷ ಗುಲಾಮರು. ಬಿಳಿಯರು 40 ಸಾವಿರವೂ ಇರಲಿಲ್ಲ. ಕಬ್ಬಿನ ಗದ್ದೆ, ಗಾಣ, ಚಾಟಿಯೇಟುಗಳ ನಡುವೆ ಜನ ಎಷ್ಟು ಬೇಗ ಸಾಯುತ್ತಿದ್ದರೆಂದರೆ, ಹಡಗುಗಟ್ಟಲೆ ಹೊಸಬರನ್ನು ತರದೆ ತೋಟಗಳು ನಡೆಯುತ್ತಿರಲಿಲ್ಲ. ಹೀಗಾಗಿ 1791ರ ಹೊತ್ತಿಗೆ ಗುಲಾಮರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಫ್ರಿಕದಲ್ಲೇ ಹುಟ್ಟಿದವರು. ಸ್ವತಂತ್ರ ಬದುಕು ಅವರ ಸ್ವಂತ ನೆನಪಾಗಿತ್ತು. ಕಾಂಗೋದ ಯುದ್ಧಗಳಲ್ಲಿ ಕಾದಾಡಿ ಬಂದ ಸೈನಿಕರೂ ಅವರಲ್ಲಿದ್ದರು.

ಹಿಂಸೆಯೊಂದೇ ಕಾರಣವಾಗಿದ್ದರೆ 1791ರ ಗುಲಾಮರ ದಂಗೆ ನೂರು ವರ್ಷ ಮೊದಲೇ ಆಗಬೇಕಿತ್ತು. 1789ರ ಫ್ರೆಂಚ್ ಕ್ರಾಂತಿಯ ನಂತರ ಆಳುವವರು ತಮ್ಮತಮ್ಮಲ್ಲೇ ಒಡೆದರು. ಬಿಳಿಯ ಮಾಲೀಕರಿಗೆ ಪ್ಯಾರಿಸ್ಸಿನ ಹಿಡಿತದಿಂದ ಬಿಡುಗಡೆ ಬೇಕಿತ್ತು. ಸ್ವತಂತ್ರರಾದ ಮಿಶ್ರವರ್ಣೀಯರು ಬಿಳಿಯರ ಸಮಾನ ಹಕ್ಕು ಕೇಳಿದರು. ಅವರ ಮುಂದಾಳು ವಿನ್ಸೆಂಟ್ ಓಜೆಯನ್ನು 1791ರ ಫೆಬ್ರುವರಿಯಲ್ಲಿ ಚಕ್ರಕ್ಕೆ ಕಟ್ಟಿ ಎಲುಬು ಮುರಿದು ಕೊಂದರು. ಅದೇ ವರ್ಷದ ಆಗಸ್ಟ್‌ನಲ್ಲಿ ಗುಲಾಮರು ಬಂಡೆದ್ದು ಉತ್ತರದ ಬಯಲಿನ ತೋಟಗಳಿಗೆ ಬೆಂಕಿ ಇಟ್ಟರು. ಗುಲಾಮಗಿರಿಯನ್ನು ಫ್ರಾನ್ಸಿನ ಶಾಸನಸಭೆ ರದ್ದು ಮಾಡಿದ್ದು 1794ರ ಫೆಬ್ರುವರಿಯಲ್ಲಿ. ಅಷ್ಟರಲ್ಲಿ ವಸಾಹತಿನ ಗುಲಾಮರು ಆಯುಧ ಹಿಡಿದು ಎರಡು ವರ್ಷ ದಾಟಿತ್ತು. ಫ್ರೆಂಚ್ ಕ್ರಾಂತಿಯ ಮಾನವ ಹಕ್ಕುಗಳ ಘೋಷಣೆಯನ್ನು ಅದರ ಪೂರ್ಣ ಅರ್ಥದಲ್ಲಿ ಜಾರಿಗೆ ತಂದವರು ಅದನ್ನು ಬರೆದವರಲ್ಲ, ಈ ಗುಲಾಮರು ಎಂದೇ ನಾನು ನಂಬಿದ್ದೇನೆ.

ವಸಾಹತನ್ನು ಮತ್ತೆ ಹಿಡಿತಕ್ಕೆ ತರಲು ನೆಪೋಲಿಯನ್ 1801ರ ಕೊನೆಯಲ್ಲಿ ತನ್ನ ಭಾವಮೈದುನ ಲೆಕ್ಲೆರ್‌ನ ಕೈಕೆಳಗೆ ದೊಡ್ಡ ಸೇನೆ ಕಳಿಸಿದ. ಬಂಡಾಯದ ನಾಯಕ ಟೂಸೆಂ ಲೂವೆರ್ತೂರ್‌ನನ್ನು ಮಾತುಕತೆಗೆಂದು ಕರೆಸಿ ಸೆರೆಹಿಡಿದರು. ಆತ 1803ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ಬೆಟ್ಟದ ಕೋಟೆಯೊಂದರ ಚಳಿಯಲ್ಲಿ ಸತ್ತ. ಗುವಾಡಲೂಪ್ ದ್ವೀಪದಲ್ಲಿ ಗುಲಾಮಗಿರಿ ಮರಳಿತೆಂಬ ಸುದ್ದಿ ಬಂದಾಗ ಜನ ಮತ್ತೆ ಎದ್ದರು. ಯುದ್ಧವೂ ಹಳದಿ ಜ್ವರವೂ ಸೇರಿ ಆ ಸೇನೆಯನ್ನು ಮುಗಿಸಿದವು. 1804ರ ಜನವರಿ 1ರಂದು ಬಂಡಾಯದ ಸೇನಾನಿ ಡೆಸಾಲಿನ್ ಸ್ವಾತಂತ್ರ್ಯ ಘೋಷಿಸಿದ.

ಒಳಗಿನ ತಪ್ಪುಗಳನ್ನು ಮುಚ್ಚಿಡುವ ಅಗತ್ಯವಿಲ್ಲ. ಉಳಿದಿದ್ದ ಫ್ರೆಂಚರನ್ನು ಹೆಂಗಸರು ಮಕ್ಕಳೆನ್ನದೆ ಸಾವಿರಾರು ಸಂಖ್ಯೆಯಲ್ಲಿ ಕೊಲ್ಲಿಸಿದವನು ಡೆಸಾಲಿನ್. ಎರಡೇ ವರ್ಷದಲ್ಲಿ ಅವನೂ ತನ್ನವರ ಕೈಯಲ್ಲೇ ಹತನಾದ, ದೇಶ ಎರಡು ಹೋಳಾಯಿತು. ಆದರೆ ಇದಕ್ಕಿಂತ ಆಳವಾದ ಬಿರುಕು ನೆಲದ ವಿಷಯದಲ್ಲಿತ್ತು. ಬಿಡುಗಡೆ ಎಂದರೆ ತನ್ನದೇ ತುಂಡು ನೆಲದಲ್ಲಿ ಬಾಳೆ, ಗೆಣಸು ಬೆಳೆದುಕೊಂಡು ಯಾರ ಕೂಗಿಗೂ ಓಗೊಡದೆ ಬದುಕುವುದು ಎಂದು ಸಾಮಾನ್ಯ ಜನ ತಿಳಿದಿದ್ದರು. ನಾಯಕರಿಗೆ ಸೇನೆ ಸಾಕಲು ರಫ್ತಿನ ಹಣ ಬೇಕಿತ್ತು, ಅದಕ್ಕೆ ದೊಡ್ಡ ತೋಟಗಳೇ ಬೇಕಿದ್ದವು. ಟೂಸೆಂ ಕೂಡ ಕೂಲಿಗಳು ತೋಟ ಬಿಟ್ಟು ಹೋಗದಂತೆ ಕಾನೂನು ಮಾಡಿದ್ದ. ದಕ್ಷಿಣದ ಹೋಳನ್ನು ಆಳಿದ ಪೆತ್ಯೋಂ ಮಾತ್ರ ಸೈನಿಕರಿಗೆ ನೆಲ ಹಂಚಿದ. ರೈತರಿಗೂ ಸರ್ಕಾರಕ್ಕೂ ನಡುವಿನ ಈ ಎಳೆದಾಟ ಕಾಲಕ್ರಮದಲ್ಲಿ ಒಂದು ಹದಕ್ಕೆ ಬರಬಹುದಿತ್ತು.

ಅದಕ್ಕೆ ಅವಕಾಶ ಕೊಡದಿದ್ದದ್ದು 1825ರ ದಂಡ. ಮೊದಲ ಕಂತು 3 ಕೋಟಿ ಫ್ರಾಂಕ್. ಅದನ್ನು ಕಟ್ಟಲು ಹೈಟಿ ಫ್ರೆಂಚ್ ಬ್ಯಾಂಕುಗಳಲ್ಲೇ ಸಾಲ ಮಾಡಿತು. ಬ್ಯಾಂಕುಗಳು ಮುರಿದುಕೊಂಡು ಕೊಟ್ಟದ್ದು 2.4 ಕೋಟಿ. ಮರುವರ್ಷವೇ ಬುವಾಯೆ ಸರ್ಕಾರ ತಂದ ಗ್ರಾಮೀಣ ಸಂಹಿತೆ ರೈತರನ್ನು ಮತ್ತೆ ತೋಟಗಳಿಗೆ ಕಟ್ಟಿಹಾಕಲು ನೋಡಿತು. ಕಾಫಿಯ ಮೇಲಿನ ತೆರಿಗೆ ಶಾಲೆಗೂ ರಸ್ತೆಗೂ ಹೋಗದೆ ಸಾಲದ ಬಾಯಿಗೆ ಬಿತ್ತು. 1838ರಲ್ಲಿ ಒಟ್ಟು ಮೊತ್ತವನ್ನು 9 ಕೋಟಿಗೆ ಇಳಿಸಿದರೂ ಇದಕ್ಕಾಗಿ ಹುಟ್ಟಿಕೊಂಡ ಸಾಲಗಳು ಪೂರ್ತಿ ತೀರಿದ್ದು 1947ರಲ್ಲಿ. ಬ್ರಿಟನ್ 1830ರ ದಶಕದಲ್ಲಿ ಗುಲಾಮಗಿರಿ ರದ್ದು ಮಾಡಿದಾಗಲೂ 2 ಕೋಟಿ ಪೌಂಡ್ ಹೋದದ್ದು ಮಾಲೀಕರಿಗೇ. ಅದೂ ಅನ್ಯಾಯವೇ, ಆದರೆ ಅಲ್ಲಿ ಕೊಟ್ಟದ್ದು ಸರ್ಕಾರದ ಖಜಾನೆ. ಹೈಟಿಯಲ್ಲಿ ಕೊಟ್ಟವರು ಚಾಟಿಯೇಟು ತಿಂದವರು, ಅವರ ಮಕ್ಕಳು, ಮೊಮ್ಮಕ್ಕಳು.

ತನ್ನ ನೆಲದ ಗುಲಾಮರಿಗೆ ಈ ಮಾದರಿ ತಲುಪೀತೆಂಬ ಭಯದಿಂದ ಅಮೆರಿಕ 1862ರವರೆಗೆ ಹೈಟಿಗೆ ಮಾನ್ಯತೆಯನ್ನೇ ಕೊಡಲಿಲ್ಲ. ಅದೇ ಅಮೆರಿಕಕ್ಕೆ 1803ರಲ್ಲಿ ಲೂಯಿಸಿಯಾನದ ವಿಶಾಲ ನೆಲ 1.5 ಕೋಟಿ ಡಾಲರಿಗೆ ಸಿಕ್ಕಿದ್ದಕ್ಕೆ, ಈ ದ್ವೀಪ ಕೈತಪ್ಪುತ್ತಿರುವುದನ್ನು ಕಂಡ ನೆಪೋಲಿಯನ್ ಅಮೆರಿಕ ಖಂಡದ ಕನಸನ್ನೇ ಬಿಟ್ಟದ್ದೂ ಒಂದು ಕಾರಣ. ದಕ್ಷಿಣ ಅಮೆರಿಕದ ಸ್ವಾತಂತ್ರ್ಯ ಹೋರಾಟಗಾರ ಬೊಲಿವರ್ ನೆಲೆಯಿಲ್ಲದೆ ಹೈಟಿಗೆ ಬಂದಾಗ ಪೆತ್ಯೋಂ ಬಂದೂಕು, ಹಡಗು ಕೊಟ್ಟು ಪ್ರತಿಯಾಗಿ ಕೇಳಿದ್ದು ಅಲ್ಲಿನ ಗುಲಾಮರ ಬಿಡುಗಡೆಯನ್ನು. ಈ ಕ್ರಾಂತಿಯಿಂದ ಲಾಭ ಪಡೆದವರು ಹೊರಗಿದ್ದರು, ಖರ್ಚು ಹೊತ್ತವರು ಒಳಗಿದ್ದರು.

ಹೈಟಿಯ ಅಧ್ಯಕ್ಷ ಅರಿಸ್ಟೈಡ್ 2003ರಲ್ಲಿ ಈ ಹಣವನ್ನು ಬಡ್ಡಿಸಹಿತ ವಾಪಸ್ ಕೇಳಿದಾಗ ಫ್ರಾನ್ಸ್ ಒಪ್ಪಲಿಲ್ಲ. ಆಜ್ಞಾಪತ್ರಕ್ಕೆ ಇನ್ನೂರು ವರ್ಷ ತುಂಬಿದ 2025ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ಅಧ್ಯಕ್ಷ ಮ್ಯಾಕ್ರನ್ ಉಭಯ ದೇಶಗಳ ಇತಿಹಾಸಕಾರರ ಆಯೋಗವನ್ನು ಘೋಷಿಸಿದರು. ಆಯೋಗ ಬೇಕಾದದ್ದೇ, ಆದರೆ ಅದು ಹಣದ ಪ್ರಶ್ನೆಯನ್ನು ಪಕ್ಕಕ್ಕಿಟ್ಟರೆ ಕೆಲಸ ಅರ್ಧವೂ ಆಗದು. ಮೂಲ ಲೆಕ್ಕವನ್ನು ಹುಡುಕಿಕೊಂಡು ಹೋಗಬೇಕಾಗಿಯೂ ಇಲ್ಲ. ಯಾವ ಮಾಲೀಕನಿಗೆ ಯಾವ ಆಸ್ತಿಗಾಗಿ ಎಷ್ಟು ಮಂಜೂರಾಯಿತು ಎಂಬ ಪಟ್ಟಿಯನ್ನು ಫ್ರೆಂಚ್ ಸರ್ಕಾರವೇ 1828ರಿಂದ ಆರು ಸಂಪುಟಗಳಲ್ಲಿ ಅಚ್ಚು ಹಾಕಿಸಿದೆ.